ತಂದೆ ಸೈನಿಕ, ತಾಯಿ ಅವಿವಾಹಿತೆ: ಮಗುವಿನ ಅನ್ನ ಯಾರ ಹೊಣೆ?



ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ. ಉತ್ತರವನ್ನು ಅವಸರದಲ್ಲಿ ಹೇಳಬೇಡಿ. ಒಬ್ಬ ಯುವಕ ಸೇನೆಯಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದಾಗ ಒಬ್ಬ ಯುವತಿಯೊಡನೆ ಸಂಬಂಧ ಬೆಳೆಯಿತು. ಮದುವೆಯ ಮಾತಿತ್ತು, ಮದುವೆಯಾಗಲಿಲ್ಲ. ರಜೆ ಮುಗಿಯಿತು, ಆತ ಹೊರಟುಹೋದ. ಮಗು ಹುಟ್ಟಿತು. ಆ ಮಗುವಿನ ಹಾಲು, ಬಟ್ಟೆ, ಔಷಧ, ಶಾಲೆ ಯಾರ ಹೊಣೆ? ಎಷ್ಟು ಕೊಡಬೇಕು? ಅದನ್ನು ಯಾವ ಅಳತೆಯಿಂದ ನಿರ್ಧರಿಸಬೇಕು?

ಇಂಥ ವಿಷಯ ಈ ಪುಟಗಳಲ್ಲಿ ಏಕೆ ಎಂದು ಕೆಲವರು ಹುಬ್ಬೇರಿಸಬಹುದು. ಸೇನೆಗೆ ಸೇರುವುದು ನಮ್ಮ ಕಡೆ ಹೊಸ ಸಂಗತಿಯಲ್ಲ. ಜಗಳೂರಿನ ಮಳೆಯಾಶ್ರಿತ ಹೊಲಗಳ ನಡುವಿನ ರಸ್ತೆಯಲ್ಲಿ, ನ್ಯಾಮತಿ ಹೊನ್ನಾಳಿಯ ಬಯಲುಗಳಲ್ಲಿ, ನಸುಕಿನಲ್ಲಿ ಫಜ್ರ್ ನಮಾಝಿಗೆ ಹೊರಟವರಿಗೆ ಭರ್ತಿಗಾಗಿ ಓಡುತ್ತಿರುವ ಹುಡುಗರು ಎದುರಾಗುತ್ತಾರೆ. ಅವರಲ್ಲಿ ಎಲ್ಲ ಜಾತಿ, ಎಲ್ಲ ಮತದವರೂ ಇದ್ದಾರೆ. ಅವರಲ್ಲಿ ಬಹುತೇಕರು ಮರ್ಯಾದೆಯಿಂದ ಬದುಕುವವರು, ತಂದೆ-ತಾಯಿಗೆ ಹಣ ಕಳಿಸುವವರು. ತಪ್ಪು ಮಾಡುವವರು ಎಲ್ಲ ವೃತ್ತಿಗಳಲ್ಲಿಯೂ ಇರುತ್ತಾರೆ. ಆದರೆ ತಪ್ಪು ಮಾಡಿದವನು ಸೈನಿಕನಾದರೆ ಆತ ಸಾವಿರಾರು ಮೈಲಿ ದೂರ ಹೋಗಿಬಿಡುತ್ತಾನೆ. ಉಳಿಯುವುದು ತಾಯಿ ಮತ್ತು ಮಗು. ಆದ್ದರಿಂದಲೇ ಈ ಪ್ರಶ್ನೆ ಬೇರೆಯಾಗುತ್ತದೆ.

ನಾನು ಬರೆದ ಒಂದು ಪತ್ರ

ಇದನ್ನು ಬರೆಯಲು ನನಗೆ ಒಂದು ಸ್ವಂತ ಕಾರಣವಿದೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲ.

ನಾನು ಮದ್ರಸದಲ್ಲಿ ಓದಿದವನು. ಅನಂತರ ಕನ್ನಡದಲ್ಲಿ ಬಿ.ಎ. ಮಾಡಿದೆ. ಎಂಟು ವರ್ಷಗಳ ಹಿಂದೆ, ಮೇಷ್ಟ್ರಾಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಹೊನ್ನಾಳಿ ಮತ್ತು ಚನ್ನಗಿರಿಯ ನಡುವಿನ ಒಂದು ಊರಿನಲ್ಲಿ ಇಂಥದೇ ಒಂದು ಪ್ರಕರಣದ ಪಂಚಾಯಿತಿ ನಡೆಯಿತು. ಊರಿನ ಹೆಸರು ಬೇಡ, ಆ ಎರಡು ಮನೆಗಳು ಯಾವ ಮತದವು ಎಂಬುದೂ ಬೇಡ. ಹಿರಿಯರು ಕೂತರು. ಹುಡುಗ ಬಂದಿರಲಿಲ್ಲ, ಅವನ ಅಣ್ಣ ಬಂದಿದ್ದ. ಹುಡುಗಿಯ ತಂದೆ ತಲೆ ತಗ್ಗಿಸಿ ಕೂತಿದ್ದರು. ಹುಡುಗಿ ಒಳಗಿದ್ದಳು. ಎರಡು ಗಂಟೆಯ ಚೌಕಾಸಿಯ ನಂತರ ನಲವತ್ತು ಸಾವಿರ ರೂಪಾಯಿಗೆ ಮಾತು ಮುಗಿಯಿತು. "ಇನ್ನು ಮುಂದೆ ಯಾವ ತಂಟೆ ತಕರಾರು ಇರುವುದಿಲ್ಲ" ಎಂದು ಪತ್ರ ಬರೆಯಬೇಕಿತ್ತು. ಕನ್ನಡ ಚೆನ್ನಾಗಿ ಬಲ್ಲವರು ಬೇಕೆಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಆ ಪತ್ರವನ್ನು ಬರೆದವನು ನಾನೇ. ಒಂದು ಮನೆಯ ಮಾನ ಉಳಿಸಿದೆ ಎಂಬ ಸಮಾಧಾನದಿಂದ ಅಂದು ಮನೆಗೆ ಹೋದೆ.

ಕಳೆದ ವರ್ಷ ಆ ಮಗು ನಮ್ಮ ಶಾಲೆಗೆ ಬಂತು. ಕರೆತಂದ ತಾಯಿಯನ್ನು ನಾನು ಗುರುತಿಸಲಿಲ್ಲ, ಆಕೆ ನನ್ನನ್ನು ಗುರುತಿಸಿದಳು. ಅಡಿಕೆ ಸುಲಿಯುವ ಕೆಲಸ ಮಾಡುತ್ತಾಳೆ, ಸುಲಿದ ಅಳತೆಗೆ ಇಷ್ಟೆಂದು ಕೂಲಿ. ಸುಗ್ಗಿ ಮುಗಿದರೆ ಸಿಕ್ಕ ಕೆಲಸ. ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ಬಂದಾಗ ನನ್ನ ಪೆನ್ನು ನಿಂತಿತು. ಆಕೆ ಮೆಲ್ಲಗೆ ಹೇಳಿದಳು: "ಅವತ್ತು ಕಾಗದ ಬರೆದೋರು ನೀವೇ ಅಲ್ವಾ ಮೇಷ್ಟ್ರೇ? ಒಂದು ಮಾತು ನನ್ನ ಕೇಳಲಿಲ್ಲ ಯಾರೂ."

ಅಂದು ರಾತ್ರಿ ಒಂದು ಲೆಕ್ಕ ಹಾಕಿದೆ. ಮಗು ಪ್ರಾಯಕ್ಕೆ ಬರಲು 18 ವರ್ಷ, ಅಂದರೆ 216 ತಿಂಗಳು. ನಲವತ್ತು ಸಾವಿರವನ್ನು 216 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 185 ರೂಪಾಯಿ. ದಿನಕ್ಕೆ ಆರು ರೂಪಾಯಿ ಚಿಲ್ಲರೆ. ಒಂದು ಮಗುವಿನ ತಂದೆಯನ್ನು ದಿನಕ್ಕೆ ಆರು ರೂಪಾಯಿಗೆ ಬಿಡುಗಡೆ ಮಾಡಿದ ಪತ್ರ ನನ್ನ ಕೈಬರಹದಲ್ಲಿದೆ.

ಹಕ್ಕಿನ ಬೇರು ಎಲ್ಲಿದೆ?

ನಮ್ಮ ಪಂಚಾಯಿತಿ ಎಲ್ಲಿ ತಪ್ಪಿತು? ಹಣ ಕಡಿಮೆಯಾಯಿತೆಂಬುದು ಎರಡನೆಯ ಮಾತು. ಮೊದಲನೆಯದು, ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. "ಈ ಗಲಾಟೆ ಮುಗಿಯಲು ಎಷ್ಟು ಬೇಕು?" ಎಂದು ಕೇಳಿದೆವು. "ಈ ಮಗು ಬದುಕಲು ಎಷ್ಟು ಬೇಕು?" ಎಂದು ಕೇಳಲಿಲ್ಲ.

ನಮ್ಮ ಮನಸ್ಸಿನಲ್ಲಿ ಒಂದು ಭಾವನೆ ಗಟ್ಟಿಯಾಗಿ ಕೂತಿತ್ತು. ಮದುವೆಯಾಗಿದ್ದರೆ ಜೀವನಾಂಶ ಹಕ್ಕು, ಮದುವೆಯಾಗಿಲ್ಲದಿದ್ದರೆ ಅದು ಆತನ ಉಪಕಾರ. ಉಪಕಾರವಾದ ಮೇಲೆ ಸಿಕ್ಕಿದ್ದೇ ಭಾಗ್ಯ. ಆದರೆ ಮಗುವಿನ ಹಸಿವು ನಿಕಾಹ್‌ನಾಮೆಯನ್ನೋ ಲಗ್ನಪತ್ರಿಕೆಯನ್ನೋ ನೋಡಿ ಹುಟ್ಟುವುದಿಲ್ಲ. ಮದುವೆಯೆಂಬುದು ಗಂಡು ಹೆಣ್ಣುಗಳ ನಡುವಿನ ಕರಾರು. ಅದನ್ನು ಮಾಡುವುದು ಬಿಡುವುದು ಅವರ ಕೈಯಲ್ಲಿತ್ತು. ಹುಟ್ಟುವುದು ಬಿಡುವುದು ಮಗುವಿನ ಕೈಯಲ್ಲಿರಲಿಲ್ಲ. ಯಾವ ಕರಾರಿಗೂ ಸಹಿ ಹಾಕದವನ ಮೇಲೆ ಕರಾರು ಮುರಿದ ದಂಡ ಹಾಕುವುದು ಯಾವ ನ್ಯಾಯ?

ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬ ತತ್ವವನ್ನು ಪವಿತ್ರ ಕುರ್‌ಆನ್ ಹಲವು ಕಡೆ ಸಾರಿದೆ (ಅಲ್‌ಅನ್‌ಆಮ್: 164). ವಅಝ್‌ಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇವೆ! ಆದರೆ ತಂದೆ-ತಾಯಿಯ ಪಾಪವನ್ನು ಮಗುವಿನ ಹಾಲಿನ ಲೋಟದಿಂದ ಕಡಿತ ಮಾಡುವಾಗ ಅದು ನಮಗೆ ನೆನಪಾಗುವುದಿಲ್ಲ.

ಕನ್ನಡ ಓದಿದವನಾಗಿ ಇನ್ನೊಂದು ಮಾತು. ಇಂಥ ಮಗುವನ್ನು ನಾವು 'ಅನೈತಿಕ ಸಂತಾನ' ಎನ್ನುತ್ತೇವೆ. ವ್ಯಾಕರಣದಲ್ಲಿ ವಿಶೇಷಣವು ತನ್ನ ವಿಶೇಷ್ಯಕ್ಕೆ ಹತ್ತಬೇಕು. ಅನೈತಿಕವಾದದ್ದು ಒಂದು ಕೃತ್ಯ, ಅದನ್ನು ಮಾಡಿದವರು ಇಬ್ಬರು ವಯಸ್ಕರು. ವಿಶೇಷಣವನ್ನು ಮಾತ್ರ ತೊಟ್ಟಿಲಲ್ಲಿರುವವನಿಗೆ ಅಂಟಿಸಿದ್ದೇವೆ.

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆಯನ್ನು ನೆನೆಯಿರಿ. ಗಾಮಿದ್ ಗೋತ್ರದ ಮಹಿಳೆಯೊಬ್ಬಳು ವ್ಯಭಿಚಾರದ ತಪ್ಪನ್ನು ತಾನಾಗಿಯೇ ಒಪ್ಪಿಕೊಂಡು ಬಂದಳು. ಆಕೆ ಗರ್ಭಿಣಿಯಾಗಿದ್ದಳು. ಹೆರಿಗೆಯಾಗುವವರೆಗೆ ಹೋಗೆಂದು ಪ್ರವಾದಿವರ್ಯರು(ಸ) ಕಳಿಸಿದರು. ಮಗುವನ್ನೆತ್ತಿಕೊಂಡು ಬಂದಾಗ ಹಾಲು ಬಿಡಿಸುವವರೆಗೆ ಹೋಗೆಂದು ಮತ್ತೆ ಕಳಿಸಿದರು. ಆ ಮಗು ರೊಟ್ಟಿಯ ತುಂಡನ್ನು ಕೈಯಲ್ಲಿ ಹಿಡಿಯುವಷ್ಟಾದ ಮೇಲೆ ಅದರ ಪಾಲನೆಯನ್ನು ಒಬ್ಬರಿಗೆ ಒಪ್ಪಿಸಲಾಯಿತು. ಇದು ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಹದೀಸ್‌ನ ಸಾರಾಂಶ. ಇದನ್ನು ನಾವು ಶಿಕ್ಷೆಯ ಹದೀಸ್ ಎಂದಷ್ಟೇ ಓದುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಧರ್ಮದ ಅತಿ ಕಠಿಣ ವಿಧಿಯೇ ಒಂದು ಶಿಶುವಿನ ಹಾಲಿಗಾಗಿ ಬಾಗಿಲಲ್ಲಿ ಕಾದು ನಿಂತಿತು. ನಮ್ಮ ಊರಿನ ಮರ್ಯಾದೆ ಕಾಯಲಾರದೇ?

ಉಮರರ(ರ) ದೀವಾನ್

ಸೈನಿಕ ಮತ್ತು ಮಗು ಎಂಬ ವಿಷಯಕ್ಕೆ ಬಂದರೆ, ಖಲೀಫ ಹಝ್ರತ್ ಉಮರ್(ರ) ಅವರ ಆಡಳಿತದಲ್ಲಿ ಮೂರು ಸಂಗತಿಗಳು ಸಿಗುತ್ತವೆ.

ಮೊದಲನೆಯದು: ಯುದ್ಧಕ್ಕೆ ಹೋಗಿ ಮನೆಯವರನ್ನು ಮರೆತ ಸೈನಿಕರ ವಿಷಯದಲ್ಲಿ ಅವರು ಸೇನಾಧಿಪತಿಗಳಿಗೆ ಪತ್ರ ಬರೆದರು. ಒಂದೋ ಪತ್ನಿಯರಿಗೆ ಜೀವನಾಂಶ ಕಳಿಸಲಿ, ಇಲ್ಲವೇ ತಲಾಕ್ ಕೊಡಲಿ. ತಲಾಕ್ ಕೊಟ್ಟರೂ ಹಿಂದಿನ ಬಾಕಿಯನ್ನು ಕಳಿಸಲೇಬೇಕು. ಸೈನಿಕನ ಮನೆಯ ಬಾಕಿಯನ್ನು ವಸೂಲು ಮಾಡಿಸುವುದು ಅವನ ಮೇಲಧಿಕಾರಿಯ ಕೆಲಸವೆಂದು ಅಂದೇ ನಿಶ್ಚಯವಾಗಿತ್ತು.

ಎರಡನೆಯದು: ಸೈನಿಕರಿಗೂ ಅವರ ಕುಟುಂಬಗಳಿಗೂ ಭತ್ಯೆ ಹಂಚಲು ಉಮರ್(ರ) 'ದೀವಾನ್' ಎಂಬ ದಫ್ತರು ಮಾಡಿಸಿದ್ದರು. ಮೊದಲು ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಭತ್ಯೆಯಿತ್ತು. ಒಂದು ರಾತ್ರಿ ಮದೀನಕ್ಕೆ ಬಂದಿಳಿದ ವರ್ತಕರ ತಂಡವನ್ನು ಕಾಯುತ್ತಿದ್ದಾಗ ಒಂದು ಮಗುವಿನ ಅಳು ಅವರ ಕಿವಿಗೆ ಬಿತ್ತು. ಮತ್ತೆ ಮತ್ತೆ ಹೋಗಿ ವಿಚಾರಿಸಿದಾಗ ತಾಯಿ ಹೇಳಿದಳು: ಹಾಲು ಬಿಡದ ಮಕ್ಕಳಿಗೆ ಉಮರ್ ಭತ್ಯೆ ಕೊಡುವುದಿಲ್ಲ, ಅದಕ್ಕೇ ಬೇಗ ಹಾಲು ಬಿಡಿಸುತ್ತಿದ್ದೇನೆ. ಆಕೆಗೆ ಎದುರಿಗಿದ್ದವರು ಯಾರೆಂದು ತಿಳಿದಿರಲಿಲ್ಲ. ಅಂದು ಫಜ್ರ್ ನಮಾಝಿನಲ್ಲಿ ಅಳುವಿನಿಂದಾಗಿ ಉಮರರ(ರ) ಕಿರಾಅತ್ ಜನರಿಗೆ ಸ್ಪಷ್ಟವಾಗಲಿಲ್ಲವಂತೆ. ನಮಾಝಿನ ನಂತರ ಅವರು ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ಸಾರಿಸಿದರು.

ಮೂರನೆಯದು ನಮ್ಮ ವಿಷಯದ ಹೃದಯ. ಇಬ್ನು ಸಅದ್ ಅವರ ವರದಿಯಂತೆ ನವಜಾತ ಶಿಶುವಿಗೆ 100 ದಿರ್ಹಮ್ ನಿಗದಿಯಾಯಿತು. ಬೀದಿಯಲ್ಲಿ ಸಿಕ್ಕ ಅನಾಥ ಶಿಶುವನ್ನು ಯಾರಾದರೂ ತಂದರೆ ಅದಕ್ಕೂ ಅದೇ 100 ದಿರ್ಹಮ್. ಅದರ ಹಾಲಿನ ಖರ್ಚೂ ಪೋಷಣೆಯ ಖರ್ಚೂ ಬೈತುಲ್‌ಮಾಲ್‌ನಿಂದ. ಬೀದಿಯಲ್ಲಿ ಬಿಟ್ಟುಹೋದ ಮಗುವಿನ ತಂದೆ ಯಾರು, ತಾಯಿಗೆ ಮದುವೆಯಾಗಿತ್ತೇ ಎಂಬ ವಿಚಾರಣೆ ಮೊದಲು ನಡೆಯಲಿಲ್ಲ. ಯೋಧನ ಮನೆಯ ತೊಟ್ಟಿಲಿಗೂ ಬೀದಿಯ ಶಿಶುವಿಗೂ ಒಂದೇ ಅಂಕಿ!

ಇಲ್ಲಿ ಒಂದು ಪ್ರಾಮಾಣಿಕ ಮಾತನ್ನು ಹೇಳಲೇಬೇಕು. ಮದುವೆಯಿಲ್ಲದೆ ಹುಟ್ಟಿದ ಮಗುವಿನ ವಂಶ, ಅಂದರೆ ನಸಬ್, ತಾಯಿಗೆ ಸೇರುತ್ತದೆ, ತಂದೆಯೊಡನೆ ನಸಬ್ ಆಗಲಿ ವಾರಸು ಆಗಲಿ ಸ್ಥಾಪಿತವಾಗುವುದಿಲ್ಲ ಎಂಬುದು ಕರ್ಮಶಾಸ್ತ್ರ ಪಂಡಿತರಲ್ಲಿ ಬಹುಮತದ ಅಭಿಪ್ರಾಯ. ಆ ಹೆಂಗಸು ಬೇರೊಬ್ಬನ ಪತ್ನಿಯಲ್ಲದಿದ್ದು, ಪುರುಷನು ಮಗು ತನ್ನದೆಂದು ಒಪ್ಪಿಕೊಂಡರೆ ಅದು ಅವನಿಗೆ ಸೇರುತ್ತದೆ ಎಂದವರೂ ಇದ್ದಾರೆ. ಹಸನುಲ್ ಬಸರಿ, ಇಸ್‌ಹಾಕ್ ಬಿನ್ ರಾಹವೈಹ್, ಅನಂತರದವರಲ್ಲಿ ಇಬ್ನು ತೈಮಿಯ ಅಂಥವರು. ಈ ಚರ್ಚೆಯನ್ನು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ. ಆದರೆ ಒಂದನ್ನು ಗಮನಿಸಿ. ಬಹುಮತದ ಪಂಡಿತರು ತಂದೆಯಿಂದ ನಸಬ್ ತೆಗೆದಾಗ ಮಗುವನ್ನು ಹಸಿವೆಗೆ ಬಿಡಲಿಲ್ಲ. ಅದರ ಹಿಂದೆ ತಾಯಿಯ ಕುಲವಿತ್ತು, ಅದಕ್ಕೂ ಹಿಂದೆ ಬೈತುಲ್‌ಮಾಲ್ ಇತ್ತು. ಇಂದು ಅಡಿಕೆ ಸುಲಿಯುವ ತಾಯಿಯ ಹಿಂದೆ ಯಾವ ಬೈತುಲ್‌ಮಾಲ್ ಇದೆ? ಆ ವ್ಯವಸ್ಥೆಯನ್ನು ನಾವು ಉಳಿಸಿಕೊಳ್ಳಲಿಲ್ಲ, ಆ ಫತ್ವಾದಿಂದ ಗಂಡಸಿಗೆ ಸಿಗುವ ಬಿಡುಗಡೆಯನ್ನು ಮಾತ್ರ ಉಳಿಸಿಕೊಂಡೆವು. ವಂಶದ ಹೆಸರು ಯಾರಿಗೆ ಸೇರಬೇಕು ಎಂಬುದು ಒಂದು ಪ್ರಶ್ನೆ. ತನ್ನ ಕೃತ್ಯದಿಂದ ಜಗತ್ತಿಗೆ ಬಂದ ಜೀವದ ಖರ್ಚನ್ನು ಯಾರು ಹೊರಬೇಕು ಎಂಬುದು ಬೇರೆಯೇ ಪ್ರಶ್ನೆ. ಮತ್ತೊಬ್ಬರ ಬೆಳೆಗೆ ದನ ಬಿಟ್ಟವನು ನಷ್ಟ ತುಂಬಬೇಕೆಂದು ಹೇಳುವ ನಾವು, ಇಲ್ಲಿ ಮಾತ್ರ ಸುಮ್ಮನಾಗುವುದೇಕೆ?

ದೇಶದ ಕಾನೂನಿನ ಅಳತೆ

ನಮ್ಮ ದೇಶದ ಕಾನೂನು ಈ ಎರಡನೆಯ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದೆ. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಸಾಕಷ್ಟು ಆದಾಯವಿರುವ ವ್ಯಕ್ತಿ ತನ್ನ ಅಪ್ರಾಪ್ತ ಮಗುವನ್ನು ಪೋಷಿಸಬೇಕು ಎಂದಿತು. ಮಗು ಮದುವೆಯಿಂದ ಹುಟ್ಟಿದ್ದಾಗಲಿ, ಮದುವೆಯಿಲ್ಲದೆ ಹುಟ್ಟಿದ್ದಾಗಲಿ ಎಂದು ಸ್ಪಷ್ಟವಾಗಿ ಹೇಳಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ತತ್ವ ಅದೇ. ಇದು ಎಲ್ಲ ಮತದವರಿಗೂ ಅನ್ವಯಿಸುತ್ತದೆ. ಮುಸ್ಲಿಮ್ ಮಕ್ಕಳ ಜೀವನಾಂಶದ ಹಕ್ಕು, ವಿಚ್ಛೇದಿತ ತಾಯಿಯ ಹಕ್ಕಿಗೆ ಸಂಬಂಧಿಸಿದ 1986ರ ಕಾಯ್ದೆಯಿಂದ ಮೊಟಕಾಗುವುದಿಲ್ಲ, ಅದು ಮಕ್ಕಳದೇ ಸ್ವತಂತ್ರ ಹಕ್ಕು ಎಂದು ಸುಪ್ರೀಮ್ ಕೋರ್ಟು 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ತೀರ್ಪಿತ್ತಿತು.

ಮೊತ್ತವನ್ನು ಹೇಗೆ ನಿರ್ಧರಿಸುತ್ತಾರೆ? ಮೊದಲು ತಿಂಗಳಿಗೆ 500 ರೂಪಾಯಿ ಮೀರಬಾರದೆಂಬ ಮಿತಿಯಿತ್ತು. 2001ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಸಾಧ್ಯವಾದ ಮಟ್ಟಿಗೆ, ಎದುರುದಾರನಿಗೆ ನೋಟೀಸು ತಲುಪಿದ 60 ದಿನಗಳಲ್ಲಿ ಮುಗಿಸಬೇಕೆಂದೂ ಅದೇ ತಿದ್ದುಪಡಿ ಹೇಳಿತು. 2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಎರಡೂ ಪಕ್ಷದವರು ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದಿತು. ಮಗುವಿನ ಊಟ, ಬಟ್ಟೆ, ವಸತಿ, ಔಷಧ, ಶಿಕ್ಷಣ ಇವೆಲ್ಲ ಲೆಕ್ಕಕ್ಕೆ ಬರಬೇಕು. ತಾಯಿಗೂ ಸಂಬಳವಿದ್ದರೆ ಖರ್ಚನ್ನು ಇಬ್ಬರೂ ಆದಾಯದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. 2021ರಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ ಮೊದಲ ಮಹಿಳಾ ತಂಡ ತರಬೇತಿ ಮುಗಿಸಿ ಹೊರಬಂತು. ಆದ್ದರಿಂದ ತಂದೆ-ತಾಯಿ ಇಬ್ಬರೂ ಸಮವಸ್ತ್ರದಲ್ಲಿರುವ ಪ್ರಸಂಗವೂ ಈಗ ಬರಬಹುದು. ಆಗಲೂ ಅಳತೆ ಇದೇ.

ಇದನ್ನು ಓದಿದಾಗ ನನಗೆ ನಮ್ಮ ಪಾಠವೇ ನೆನಪಾಯಿತು. ಅನುಕೂಲಸ್ಥನು ತನ್ನ ಅನುಕೂಲಕ್ಕೆ ತಕ್ಕಂತೆ, ಕೈಬಿಗಿಯಿದ್ದವನು ಅಲ್ಲಾಹನು ತನಗೆ ಕೊಟ್ಟದ್ದರಿಂದ ಖರ್ಚು ಮಾಡಬೇಕೆಂದು ಕುರ್‌ಆನ್ ಆದೇಶಿಸುತ್ತದೆ (ಅತ್ತಲಾಕ್: 7). ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ಹಾನಿಯಾಗಬಾರದೆಂದೂ ಹೇಳುತ್ತದೆ (ಅಲ್‌ಬಕರ: 233). ಪತಿ ಸಾಕಷ್ಟು ಕೊಡುವುದಿಲ್ಲವೆಂದು ಹಿಂದ್ ಬಿಂತ್ ಉತ್ಬ(ರ) ದೂರಿದಾಗ, ತನಗೂ ಮಗುವಿಗೂ ನ್ಯಾಯವಾಗಿ ಸಾಕಾಗುವಷ್ಟನ್ನು ಅವನ ಸಂಪತ್ತಿನಿಂದ ತೆಗೆದುಕೊಳ್ಳಲು ಪ್ರವಾದಿವರ್ಯರು(ಸ) ಅನುಮತಿ ಕೊಟ್ಟರು. ಈ ಮಾರ್ಗದರ್ಶನಗಳೆಲ್ಲ ವಿವಾಹದ ಸಂದರ್ಭದಲ್ಲಿ ಬಂದವು ಎಂಬುದು ನನಗೆ ಗೊತ್ತು. ಆದರೆ ಅಳತೆಗೋಲು ಯಾವುದೆಂದು ಅವು ತಿಳಿಸುತ್ತವೆ. ಒಂದು ತಕ್ಕಡಿಯಲ್ಲಿ ಮಗುವಿನ ಅಗತ್ಯ, ಇನ್ನೊಂದರಲ್ಲಿ ತಂದೆಯ ಶಕ್ತಿ. ತಾಯಿಯ ಚಾರಿತ್ರ್ಯ, ಊರಿನವರ ಸಿಟ್ಟು, ಎರಡೂ ಮನೆಗಳ ಅಂತಸ್ತು ಯಾವ ತಕ್ಕಡಿಯಲ್ಲಿಯೂ ಇಲ್ಲ.

ಸೈನಿಕನ ಸಂಬಳದ ವಿಚಾರ

ಸೈನಿಕನಾದರೆ ಒಂದು ತೊಡಕು, ಒಂದು ಅನುಕೂಲ ಎರಡೂ ಇವೆ. 1950ರ ಸೇನಾ ಕಾಯ್ದೆಯ 28ನೇ ಕಲಮಿನಂತೆ ಸಿವಿಲ್ ನ್ಯಾಯಾಲಯವು ಯೋಧನ ಸಂಬಳವನ್ನು ಜಪ್ತಿ ಮಾಡುವಂತಿಲ್ಲ. ಗಡಿ ಕಾಯುವವನನ್ನು ಸಾಲಗಾರರು ಕಾಡಬಾರದೆಂಬುದು ಅದರ ಉದ್ದೇಶ. ಇದನ್ನೇ ಹಿಡಿದುಕೊಂಡು "ಮಿಲಿಟರಿಯವನ ಸಂಬಳ ಯಾರೂ ಮುಟ್ಟೋಕಾಗಲ್ಲ" ಎಂಬ ಮಾತು ಊರುಗಳಲ್ಲಿ ಹಬ್ಬಿದೆ. ನಮ್ಮ ಪಂಚಾಯಿತಿಯಲ್ಲಿಯೂ ಹುಡುಗನ ಅಣ್ಣ ಇದನ್ನೇ ಹೇಳಿದ್ದ. ನಾವು ನಂಬಿದೆವು.

ಆದರೆ ಅದೇ ಕಾಯ್ದೆಯ 90 ಮತ್ತು 91ನೇ ಕಲಮುಗಳು, ಅಧಿಕಾರಿಯಾಗಲಿ ಸಾಮಾನ್ಯ ಸಿಪಾಯಿಯಾಗಲಿ, ಅವನ ಪತ್ನಿ ಅಥವಾ ಮಗುವಿನ ಪೋಷಣೆಗೆಂದು ಆದೇಶಿಸಿದ ಮೊತ್ತವನ್ನು ಸಂಬಳದಿಂದಲೇ ಕಡಿತ ಮಾಡಲು ಸರಕಾರಕ್ಕೆ ಅಧಿಕಾರ ಕೊಡುತ್ತವೆ. ಅಲ್ಲಿಯೂ ಮಗು ಮದುವೆಯಿಂದ ಹುಟ್ಟಿದ್ದೋ ಅಲ್ಲವೋ ಎಂಬ ಭೇದವಿಲ್ಲ. ಸಾಲಗಾರನಿಗೆ ಮುಚ್ಚಿದ ಬಾಗಿಲು ಮಗುವಿಗೆ ತೆರೆದಿದೆ. ಎಷ್ಟು ಕಡಿತ? ಭೂಸೇನೆಯ 2001ರ ಎರಡನೇ ಆದೇಶದಲ್ಲಿ ಪತ್ನಿಗೆ ಸಂಬಳ ಭತ್ಯೆಗಳ ಶೇಕಡಾ 22ರವರೆಗೆ, ಪ್ರತಿ ಮಗುವಿಗೆ ಶೇಕಡಾ 5.5, ಒಟ್ಟು ಶೇಕಡಾ 33 ಮೀರದಂತೆ ಎಂಬ ಪ್ರಮಾಣವಿದೆ. ಇದು ಇಲಾಖೆಯೊಳಗಿನ ಪ್ರಮಾಣ, ನ್ಯಾಯಾಲಯದ ಕೈಯನ್ನು ಕಟ್ಟಿಹಾಕುವುದಿಲ್ಲ. ಪ್ರಕರಣಕ್ಕೆ ತಕ್ಕಂತೆ ನ್ಯಾಯಾಧೀಶರು ಹೆಚ್ಚು ನಿಗದಿ ಮಾಡಬಹುದು.

ಮತ್ತೆ ಲೆಕ್ಕ ಹಾಕೋಣ. 2016ರಿಂದ ಜಾರಿಯಾದ ಏಳನೇ ವೇತನ ಆಯೋಗದಂತೆ ಸಿಪಾಯಿಯ ಆರಂಭದ ಮೂಲವೇತನ 21,700 ರೂಪಾಯಿ, ಸೇನಾ ಸೇವಾ ವೇತನ 5,200. ತುಟ್ಟಿಭತ್ಯೆ ಬಿಟ್ಟು ಇವೆರಡೇ 26,900. ಅದರ ಶೇಕಡಾ 5.5 ಅಂದರೆ ಸುಮಾರು 1,480 ರೂಪಾಯಿ. ಅತಿ ಕಡಿಮೆ ಸಂಬಳಕ್ಕೆ ಇಲಾಖೆಯ ಸಣ್ಣ ಅಳತೆಯನ್ನು ಹಿಡಿದರೂ, ದೇವರ ಹೆಸರಿನಲ್ಲಿ ಕೂತ ನಾವು ಕೊಡಿಸಿದ 185 ರೂಪಾಯಿಯ ಎಂಟು ಪಟ್ಟು! ಸೈನಿಕನಿಗೆ ಊಟ, ಸಮವಸ್ತ್ರ, ವಸತಿ, ವೈದ್ಯಕೀಯ ಎಲ್ಲವೂ ಸೇನೆಯಿಂದಲೇ ಸಿಗುತ್ತದೆ. ಕೊಡುವ ಶಕ್ತಿಯಿಲ್ಲ ಎಂಬ ಮಾತು ಅವನ ಬಾಯಲ್ಲಿ ಸುಲಭವಾಗಿ ಒಪ್ಪತಕ್ಕದ್ದಲ್ಲ.

2022ರಲ್ಲಿ ಬಂದ ಅಗ್ನಿಪಥ ಯೋಜನೆಯವರ ವಿಚಾರವನ್ನೂ ಹೇಳಬೇಕು. ಅಗ್ನಿವೀರನ ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಶೇಕಡಾ 30 ಸೇವಾನಿಧಿಗೆ ಹೋಗಿ ಕೈಗೆ 21,000. ನಾಲ್ಕು ವರ್ಷದ ಕೊನೆಗೆ ಸರಕಾರದ ಪಾಲೂ ಸೇರಿ ಸುಮಾರು 11.71 ಲಕ್ಷ ಸಿಗುತ್ತದೆಂದು ಯೋಜನೆ ಪ್ರಕಟವಾದಾಗ ಹೇಳಲಾಗಿತ್ತು. ಸೇವೆ ನಾಲ್ಕು ವರ್ಷಕ್ಕೆ ಮುಗಿಯಬಹುದು, ತಂದೆತನ ಹದಿನೆಂಟು ವರ್ಷಕ್ಕೆ ಮೊದಲು ಮುಗಿಯದು. ಆ ಇಡುಗಂಟು ಕೈಸೇರಿದ ದಿನ ಮೊದಲು ನೆನಪಾಗಬೇಕಾದದ್ದು ಮೋಟಾರು ಬೈಕಲ್ಲ.

ನಿಜವಾದ ಕಷ್ಟ ಬೇರೆಯೇ ಇದೆ. ಮದುವೆಯಾದವಳ ಹೆಸರು ಸೇನೆಯ ದಾಖಲೆಯಲ್ಲಿರುತ್ತದೆ, ಮದುವೆಯಾಗದವಳ ಹೆಸರು ಎಲ್ಲಿಯೂ ಇರುವುದಿಲ್ಲ. ಆದ್ದರಿಂದ ತಂದೆ ಯಾರೆಂಬುದು ಮೊದಲು ಸಿದ್ಧವಾಗಬೇಕು. ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಭೂಸೇನೆಯ 608-99 ಎಂಬ ನಿಯಮವು, ನ್ಯಾಯಾಲಯದ ಆದೇಶವಿಲ್ಲದಾಗ ಸೈನಿಕನು ಕುಟುಂಬಕ್ಕೆ ಕೊಡಬೇಕಾದ ಮೊತ್ತವನ್ನು ವಸತಿ ಭತ್ಯೆಯ ಅಳತೆಯಲ್ಲಿ ಹೇಳುತ್ತದೆ. ಮದುವೆಯಾಗದೆ ಹುಟ್ಟಿದ ಮಗುವಾದರೆ ಅಲ್ಲಿಯೂ ಮೊದಲು ಪಿತೃತ್ವ ಸಿದ್ಧವಾಗಬೇಕು. ನಮ್ಮಲ್ಲಿ ರಕ್ತಪರೀಕ್ಷೆಯನ್ನು ಎಲ್ಲ ಪ್ರಕರಣಗಳಲ್ಲಿಯೂ ವಾಡಿಕೆಯಂತೆ ಆದೇಶಿಸಬಾರದು ಎಂದು ಸುಪ್ರೀಮ್ ಕೋರ್ಟು 1993ರಲ್ಲಿ ಹೇಳಿತು. ಆದರೆ ನಿಜಕ್ಕೂ ಅಗತ್ಯವಿದ್ದಾಗ ನ್ಯಾಯಾಲಯ ಡಿ.ಎನ್.ಎ. ಪರೀಕ್ಷೆಗೆ ಹೇಳಬಹುದು. ಹೇಳಿದ ಮೇಲೆ ತಪ್ಪಿಸಿಕೊಂಡರೆ ಅದನ್ನು ಅವನ ವಿರುದ್ಧವೇ ಅರ್ಥೈಸಬಹುದು. ಕರ್ನಾಟಕದಿಂದ ಹೋದ ಕಮಲ ಮತ್ತು ಮೋಹನ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಅದೇ ನ್ಯಾಯಾಲಯ, ಬಹುಕಾಲ ಗಂಡ ಹೆಂಡಿರಂತೆ ಬಾಳಿದವರ ವಿಷಯದಲ್ಲಿ ಜೀವನಾಂಶಕ್ಕಾಗಿ ಮದುವೆಯ ಕಟ್ಟುನಿಟ್ಟಾದ ಸಾಕ್ಷ್ಯ ಕೇಳಬೇಕಿಲ್ಲ ಎಂದಿತು.

ಅರ್ಜಿ ಹಾಕಲು ತಾಯಿ ಆತ ಕೆಲಸ ಮಾಡುವ ಗಡಿಯ ಊರಿಗೆ ಹೋಗಬೇಕಿಲ್ಲ. ಆತನ ಮನೆಯಿರುವ ಜಿಲ್ಲೆಯಲ್ಲಿ, ಅಥವಾ ಮಗುವಿನ ತಾಯಿಯೊಡನೆ ಆತ ಕೊನೆಯದಾಗಿ ವಾಸಿಸಿದ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು. ಹೆಂಗಸರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು 1987ರ ಕಾಯ್ದೆಯಂತೆ ಹಕ್ಕು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರೆ ವಕೀಲರನ್ನು ಕೊಡುತ್ತಾರೆ.

ಒಂದು ಆಕ್ಷೇಪ

"ಹೀಗೆಲ್ಲ ಹಕ್ಕು ಕೊಡುತ್ತ ಹೋದರೆ ವ್ಯಭಿಚಾರಕ್ಕೆ ದಾರಿ ಮಾಡಿಕೊಟ್ಟಂತಾಗುವುದಿಲ್ಲವೇ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಇದು ಹಗುರವಾದ ಪ್ರಶ್ನೆಯಲ್ಲ. ವ್ಯಭಿಚಾರದ ಹತ್ತಿರಕ್ಕೂ ಸುಳಿಯಬೇಡಿ ಎಂದ ಧರ್ಮ ನಮ್ಮದು. ಆ ಮಾತಿನಲ್ಲಿ ಒಂದಕ್ಷರವೂ ಕಡಿಮೆಯಾಗಬಾರದು. ತಂದೆ-ತಾಯಿ ಇಬ್ಬರಿಗೂ ತೌಬಾ ಬೇಕು.

ಆದರೆ ಯೋಚಿಸಿ ನೋಡಿ. ಯಾವ ಹುಡುಗ ಹೆಚ್ಚು ಹೆದರುತ್ತಾನೆ? ತಪ್ಪಾದರೆ ಅಣ್ಣ ಹೋಗಿ ನಲವತ್ತು ಸಾವಿರಕ್ಕೆ ಮುಗಿಸುತ್ತಾನೆ ಎಂದು ಬಲ್ಲವನೋ, ಹದಿನೆಂಟು ವರ್ಷ ಪ್ರತಿ ತಿಂಗಳೂ ತನ್ನ ಸಂಬಳದ ಚೀಟಿಯಲ್ಲಿ ಆ ಕಡಿತವನ್ನು ಓದಬೇಕಾಗುತ್ತದೆ ಎಂದು ಬಲ್ಲವನೋ? ಮಗುವಿನ ಹಕ್ಕನ್ನು ಕಿತ್ತುಕೊಂಡರೆ ಪಾಪ ಕಡಿಮೆಯಾಗುವುದಿಲ್ಲ, ಗಂಡಸಿಗೆ ಅದು ಅಗ್ಗವಾಗುತ್ತದೆ ಅಷ್ಟೆ. ಹೆಣ್ಣಿಗೆ ಅದು ಎಂದೂ ಅಗ್ಗವಾಗಿಲ್ಲ, ಅವಳು ಮೊದಲ ದಿನದಿಂದಲೇ ಪೂರ್ತಿ ಬೆಲೆ ತೆರುತ್ತಿದ್ದಾಳೆ.

ಇನ್ನೊಂದು ಆಕ್ಷೇಪ: ತಾಯಿಯ ಮನೆಯವರೇ ಒಪ್ಪಿ ಸಹಿ ಮಾಡಿದ್ದಾರಲ್ಲ? ಸಹಿ ಮಾಡಿದವರು ದೊಡ್ಡವರು, ಹಕ್ಕು ಮಗುವಿನದು. ಇನ್ನೊಬ್ಬರ ಹಕ್ಕನ್ನು ಮಾರುವ ಅಧಿಕಾರ ಯಾರಿಗಿದೆ? ಹನಫಿ ಪಂಡಿತರು ಖುಲಾದ ವಿಷಯದಲ್ಲಿ ಒಂದು ಸೂಕ್ಷ್ಮ ಮಾತು ಹೇಳಿದ್ದಾರೆ. ಮಗುವಿನ ಖರ್ಚನ್ನು ತಾನೇ ನೋಡಿಕೊಳ್ಳುತ್ತೇನೆಂದು ಒಪ್ಪಿ ಖುಲಾ ಪಡೆದ ತಾಯಿ ಅನಂತರ ಬಡವಳಾದರೆ, ತಂದೆ ಖರ್ಚು ಕೊಡಲೇಬೇಕು, ಆ ಮೊತ್ತ ಬೇಕಾದರೆ ಅವಳ ಮೇಲೆ ಸಾಲವಾಗಿರಲಿ. ದೊಡ್ಡವರ ಒಪ್ಪಂದ ದೊಡ್ಡವರ ನಡುವೆ ಇರಲಿ, ಮಗುವಿನ ತಟ್ಟೆ ಖಾಲಿಯಾಗಬಾರದು ಎಂಬುದೇ ಅದರ ತಿರುಳು.

ನಮ್ಮ ಮುಂದಿರುವುದು

ನಾಳೆ ನಿಮ್ಮನ್ನೂ ಇಂಥ ಒಂದು ಕಟ್ಟೆಯ ಮೇಲೆ ಕೂರಿಸಬಹುದು. ಹಾಗಾದರೆ ಮೂರು ಮಾತುಗಳನ್ನು ಮರೆಯಬೇಡಿ. ತಾಯಿಯನ್ನು ಕೇಳದೆ ಮಾತು ಮುಗಿಸಬೇಡಿ. ಇಡುಗಂಟಿನ ಪತ್ರ ಬರೆಯಬೇಡಿ, ಬರೆಸಬೇಡಿ. ಮಾನದ ಹೆಸರಿನಲ್ಲಿ ಅವಳನ್ನು ನ್ಯಾಯಾಲಯದಿಂದ ದೂರ ಇಡಬೇಡಿ. ಮಗುವಿನ ಜನನ ದಾಖಲೆಗೂ ಹೆದರಬೇಕಿಲ್ಲ. ಅವಿವಾಹಿತ ತಾಯಿಯ ಪ್ರಮಾಣಪತ್ರದ ಮೇಲೆ, ತಂದೆಯ ಹೆಸರನ್ನು ಒತ್ತಾಯಿಸದೆ, ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಮ್ ಕೋರ್ಟು 2015ರ ಜುಲೈಯಲ್ಲಿ ಹೇಳಿದೆ.

ನೀವು ಆ ಸೈನಿಕನೇ ಆಗಿದ್ದರೆ? ದೇಶಕ್ಕಾಗಿ ಪ್ರಾಣ ಕೊಡಲು ಸಿದ್ಧನಾದವನಿಗೆ ತನ್ನ ಮಗುವಿಗೆ ಅನ್ನ ಕೊಡುವುದು ದೊಡ್ಡದಾಗಬಾರದು. ನ್ಯಾಯಾಲಯದ ನೋಟೀಸಿಗೆ ಕಾಯಬೇಡಿ. ಜೀವಂತವಾಗಿ ಹೂಳಲ್ಪಟ್ಟ ಹೆಣ್ಣು ಮಗುವನ್ನು, ಯಾವ ಪಾಪಕ್ಕಾಗಿ ನಿನ್ನನ್ನು ಕೊಲ್ಲಲಾಯಿತು ಎಂದು ಅಂತ್ಯದಿನದಲ್ಲಿ ಕೇಳಲಾಗುವುದೆಂದು ಕುರ್‌ಆನ್ ಎಚ್ಚರಿಸುತ್ತದೆ (ಅತ್ತಕ್‌ವೀರ್: 8-9). ಅಲ್ಲಿ ಪ್ರಶ್ನೆ ತಂದೆಗಲ್ಲ, ಮಗುವಿಗೆ. ಉತ್ತರ ಹೇಳುವ ಸರದಿ ಮಗುವಿನದಾದ ದಿನ, ದಿನಕ್ಕೆ ಆರು ರೂಪಾಯಿಯ ಪತ್ರ ಯಾರನ್ನೂ ಕಾಪಾಡದು. ಕೊಟ್ಟವನನ್ನೂ ಕಾಪಾಡದು, ಬರೆದವನನ್ನೂ ಕಾಪಾಡದು.

ನಮಗೇ ವಿರುದ್ಧವಾಗಿದ್ದರೂ ನ್ಯಾಯಕ್ಕೆ ಸಾಕ್ಷಿಗಳಾಗಿರಿ ಎಂಬ ಆಜ್ಞೆಯಿದೆ (ಅನ್ನಿಸಾ: 135). ಕಳೆದ ವರ್ಷ ಆ ತಾಯಿಯನ್ನು ಕರೆದುಕೊಂಡು ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋದೆ. ಪಂಚಾಯಿತಿಯಲ್ಲಿ ಏನು ನಡೆಯಿತೆಂದು, ಪತ್ರ ಬರೆದವನು ನಾನೇ ಎಂದು ವಕೀಲರ ಮುಂದೆ ಹೇಳಿದೆ. ಊರಿನ ಕೆಲವರು ಈಗ ನನ್ನೊಡನೆ ಮಾತು ಬಿಟ್ಟಿದ್ದಾರೆ. ಪ್ರಕರಣ ಇನ್ನೂ ಮುಗಿದಿಲ್ಲ, ತೀರ್ಪು ಏನಾಗುವುದೋ ಅಲ್ಲಾಹನೇ ಬಲ್ಲ. ಸಾಕ್ಷಿಗೆ ಕರೆದ ದಿನ ನಾನು ಹೋಗುತ್ತೇನೆ. ಮಗು ಈಗ ಎರಡನೇ ತರಗತಿಯಲ್ಲಿದೆ. ಒತ್ತಕ್ಷರಗಳನ್ನು ಚೆನ್ನಾಗಿ ಬರೆಯುತ್ತದೆ.

ಅಲ್ಲಾಹನು ನಮ್ಮ ಲೇಖನಿಗಳಿಂದ ಯಾರ ಹಕ್ಕೂ ಅಳಿಸಿಹೋಗದಂತೆ ಕಾಪಾಡಲಿ. ಆಮೀನ್.